ಅತ್ತೆಯವರನ್ನೂ ಕೇಳಬೇಕು

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ಗಂಡನೊಡನೆ ಮನೆಗೆ ಬಂದಿದ್ದಳು. ಚೊಚ್ಚಲ ಬಸಿರು, ಮೂರನೆಯ ತಿಂಗಳು. ‘ಸಾರ್, ನಮ್ಮಮ್ಮನಿಗೆ, ಅಕ್ಕನಿಗೆ ಬಸಿರಲ್ಲಿ ಬಿ.ಪಿ. ಬಂದಿರಲಿಲ್ಲ. ನನಗೇನೂ ಭಯವಿಲ್ಲ’ ಎಂದಳು. ಗಂಡ ನಗುತ್ತಾ, ‘ನಾನು ಹುಟ್ಟುವಾಗ ನಮ್ಮಮ್ಮನಿಗೆ ಬಿ.ಪಿ. ಏರಿ ಫಿಟ್ಸ್ ಬಂದಿತ್ತಂತೆ’ ಎಂದ. ಮಾತಿಗೆ ಮಾತು ಸೇರಿಸಿದನಷ್ಟೆ. ನಾನು ಕಾಫಿ ಲೋಟ ಕೆಳಗಿಟ್ಟೆ.

ಬಸಿರಿನ 20ನೆಯ ವಾರದ ನಂತರ ರಕ್ತದ ಒತ್ತಡ 140/90 ಮುಟ್ಟಿ ಅಥವಾ ದಾಟಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡರೆ ವೈದ್ಯರು ಅದನ್ನು ಪ್ರಿ-ಎಕ್ಲಾಂಪ್ಸಿಯಾ ಎನ್ನುತ್ತಾರೆ. ಹಿಂದಿನವರ ‘ಬಸಿರು ನಂಜು’ ಇದೇ. ಕೈಮೀರಿದರೆ ಫಿಟ್ಸ್, ತಾಯಿ, ಮಗು ಇಬ್ಬರ ಜೀವಕ್ಕೂ ಸಂಚಕಾರ. ತಾಯಿಗೋ ಅಕ್ಕನಿಗೋ ಬಂದಿದ್ದರೆ ಅಪಾಯ ಹೆಚ್ಚೆಂಬುದು ಹಳೆಯ ವಿಷಯ. ಆದರೆ ಗಂಡನ ಮನೆಯ ಕಡೆಗೂ ಇದಕ್ಕೂ ಏನು ಸಂಬಂಧ?

ಸಂಬಂಧವಿರುವುದು ಮಾಸಿನಲ್ಲಿ. ಅದು ತಾಯಿಯದೇ ಅಂಗವೆಂದು ನಾವು ತಿಳಿಯುತ್ತೇವೆ (ನಾನೂ ಎಷ್ಟೋ ವರ್ಷ ತರಗತಿಯಲ್ಲಿ ಹಾಗೆಯೇ ಹೇಳಿದವನು). ಅದರ ಬಹುಭಾಗ ಬೆಳೆಯುವುದು ಭ್ರೂಣದಿಂದ. ಆದ್ದರಿಂದ ಅದರ ಜೀನುಗಳಲ್ಲಿ ಅರ್ಧ ತಂದೆಯವು! ಅಮೆರಿಕದ ಯೂಟಾದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಥ ಬಸಿರಿನಲ್ಲಿ ಹುಟ್ಟಿದ ಗಂಡಸರ ಮಕ್ಕಳನ್ನು ಹೊತ್ತವರಲ್ಲಿಯೂ ಈ ತೊಂದರೆ ಸುಮಾರು ಎರಡು ಪಟ್ಟು ಕಂಡುಬಂದಿತು. 2017ರಲ್ಲಿ ಶಿಶುಗಳ ಜೀನುಗಳನ್ನೇ ಜಾಲಾಡಿದವರಿಗೆ 13ನೆಯ ವರ್ಣತಂತುವಿನಲ್ಲಿ, ಎಫ್‌ಎಲ್‌ಟಿ-1 ಎಂಬ ಜೀನಿನ ಹತ್ತಿರ ಸುಳಿವು ಸಿಕ್ಕಿತು. ಈ ಜೀನಿನಿಂದ ತಯಾರಾಗುವ ಒಂದು ಪ್ರೋಟೀನನ್ನು ಮಾಸು ತಾಯಿಯ ರಕ್ತಕ್ಕೆ ಬಿಡುತ್ತದೆ. ಅದು ಅತಿಯಾದರೆ, ರಕ್ತನಾಳಗಳ ಒಳಪದರವನ್ನು ಕಾಯುವ ವಸ್ತುಗಳನ್ನು ಹಿಡಿದು ಕಟ್ಟಿಹಾಕುತ್ತದೆ. ನಾಳಗಳು ಬಿಗಿಯುತ್ತವೆ, ಒತ್ತಡ ಏರುತ್ತದೆ.

ಹಾಗೆಂದು ಸೊಸೆಯಂದಿರು ಜಗಳಕ್ಕೆ ನಿಲ್ಲುವುದು ಬೇಡ. ಒಂದೇ ಜೀನಿನ ಆಟವಲ್ಲ ಇದು. ಚೊಚ್ಚಲು, ಅವಳಿ, ಸಕ್ಕರೆ ಕಾಯಿಲೆ, ಬೊಜ್ಜು ಎಲ್ಲವೂ ಸೇರಿಕೊಳ್ಳುತ್ತವೆ. ಮನೆಯಲ್ಲಿ ಯಾರಿಗೂ ಇಲ್ಲದಿದ್ದರೂ ಬರಬಹುದು.

ಹುಡುಗಿಗೆ ಹೇಳಿದೆ: ‘ಈ ಸಂಗತಿ ಈಗಲೇ ಡಾಕ್ಟರಿಗೆ ತಿಳಿಸಮ್ಮ. ಅಪಾಯ ಹೆಚ್ಚೆನಿಸಿದರೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. 16 ವಾರದೊಳಗೆ ಶುರುಮಾಡಿದರೆ ಒಳ್ಳೆಯದು. ನೀನಾಗಿಯೇ ಅಂಗಡಿಯಿಂದ ತಂದು ನುಂಗಬೇಡ. ಮುಂದೆ ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮೇಲುಹೊಟ್ಟೆ ನೋವು, ಮುಖ ಊದಿಕೊಳ್ಳುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬೇಡ.’

ಫಿಟ್ಸ್ ಬಂದದ್ದು ಎಷ್ಟನೆಯ ತಿಂಗಳಲ್ಲಿ ಎಂದು ಕೇಳಿದರೆ ಗಂಡನಿಗೆ ಗೊತ್ತಿಲ್ಲ. ಮುಂದಿನ ತಪಾಸಣೆಗೆ ತಾಯಿ ಕಾರ್ಡಿನ ಜೊತೆಗೆ ತಾಯಿಯನ್ನೂ ಕರೆದೊಯ್ಯುತ್ತೇನೆ ಎಂದ.