ಬಿಟ್ಟಿಯೋ, ಮುಯ್ಯಿಯೋ?

ಎರಡನೆಯ ಪಾಳಿ ಬಿಟ್ಟ ಮೇಲೆ ಗಿರಣಿಯ ಗೇಟಿನೆದುರಿನ ಚಹದಂಗಡಿಯಲ್ಲಿ ನೂಲುವ ಖಾತೆಯ ಗೆಳೆಯರೊಬ್ಬರು ನಮಗೊಂದು ಪ್ರಶ್ನೆ ಹಾಕಿದರು. ಅವರ ಮಗಳು ಶಾಲೆಯ ಪಾಠಕ್ಕೆಂದು ತುಂಗಭದ್ರಾ ಅಣೆಕಟ್ಟಿನ ವಿಷಯವನ್ನು ಮೊಬೈಲಿನಲ್ಲಿ ಹುಡುಕಿ, ವಿಕಿಪೀಡಿಯ ಎಂಬ ವಿಶ್ವಕೋಶದಿಂದ ಎರಡು ಪುಟ ಬರೆದುಕೊಂಡಳಂತೆ. “ಮೇಷ್ಟ್ರೇ, ಇಷ್ಟೆಲ್ಲ ಬರೆದು ಹಾಕೋರಿಗೆ ಸಂಬಳ ಯಾರು ಕೊಡ್ತಾರೆ?” ಎಂದರು. ಯಾರೂ ಕೊಡುವುದಿಲ್ಲ ಎಂದೆವು. ಅವರು ಲೋಟವನ್ನು ಕೆಳಗಿಟ್ಟರು. “ಹಂಗಾದ್ರೆ ಬಿಟ್ಟಿ ಚಾಕರಿ ಅನ್ನಿ.”

ಆ ಮಾತು ನಮ್ಮನ್ನು ಮನೆಯವರೆಗೂ ಹಿಂಬಾಲಿಸಿತು. ದುಡಿಯುವ ಜನ ಆಡಿದ ಮಾತನ್ನು ಹಾಗೆಯೇ ತಳ್ಳಿಹಾಕಲಾಗುವುದಿಲ್ಲ. ಬಿಟ್ಟಿ ಎಂದರೇನೆಂಬುದನ್ನು ನಮ್ಮ ಹಿರಿಯರು ಬೆನ್ನ ಮೇಲೆ ಹೊತ್ತು ಬಲ್ಲರು. ಗೌಡರ ಮನೆಗೆ ಸೌದೆ ಒಡೆಯುವುದು, ಸಾಹೇಬರು ಸರ್ಕೀಟು ಬಂದರೆ ಸಾಮಾನು ಹೊರುವುದು, ಕೊನೆಗೆ ಬರಿಗೈಯಲ್ಲಿ ಮನೆಗೆ ಬರುವುದು. ಆದರೆ ಹಳ್ಳಿಗಳಲ್ಲಿ ಕೂಲಿಯಿಲ್ಲದ ದುಡಿಮೆ ಇನ್ನೊಂದು ಬಗೆಯದೂ ಉಂಟಷ್ಟೆ. ಇಂದು ನಿನ್ನ ಹೊಲದ ಕಳೆಗೆ ನಾವು ಬರುತ್ತೇವೆ, ನಾಳೆ ನಮ್ಮ ಹೊಲದ ಕೊಯ್ಲಿಗೆ ನೀನು ಬಾ ಎನ್ನುವ ಮುಯ್ಯಾಳಿನ ಪದ್ಧತಿ. ಅಲ್ಲಿಯೂ ಕಾಸು ಕೈ ಬದಲಾಗುವುದಿಲ್ಲ; ಆದರೂ ಅದನ್ನು ಬಿಟ್ಟಿಯೆಂದು ಯಾರೂ ಕರೆದಿಲ್ಲ. ಈ ವಿಶ್ವಕೋಶದ ಕೆಲಸವು ಇವೆರಡರಲ್ಲಿ ಯಾವುದು ಎಂಬುದೇ ಪ್ರಶ್ನೆ.

ವಿಶ್ವಕೋಶವೆಂಬುದು ಮೊದಲಿನಿಂದಲೂ ದೊಡ್ಡ ಪಂಡಿತರ, ದೊಡ್ಡ ಹಣದ ಕೆಲಸವೆಂದು ನಾವು ನಂಬಿದ್ದೆವು. ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶದ ಮೊದಲ ಸಂಪುಟವನ್ನು ೧೯೬೯ರಲ್ಲಿ ಹೊರತಂದಿತು. ಹದಿನಾಲ್ಕು ಸಂಪುಟಗಳು ಮುಗಿಯಲು ಮೂರು ದಶಕಗಳಿಗೂ ಮೀರಿ ಹಿಡಿಯಿತು. ಅದು ಮಹತ್ಕಾರ್ಯವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದನ್ನು ಕೊಂಡು ಮನೆಯಲ್ಲಿಡುವ ಶಕ್ತಿ ಎಷ್ಟು ಕಾರ್ಮಿಕರಿಗಿತ್ತು? ಅದಕ್ಕೂ ಮುಂಚೆ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ಒಬ್ಬರೇ ಕೂತು ಬರೆದು ಮುಗಿಸಿದ್ದರು. ಅಂಥವರು ನೂರು ವರ್ಷಕ್ಕೊಬ್ಬರು ಹುಟ್ಟುತ್ತಾರೆ. ಅವರನ್ನು ನಂಬಿ ಲೆಕ್ಕ ಹಾಕುವಂತಿಲ್ಲ.

ವಿಕಿಪೀಡಿಯ ಹುಟ್ಟಿದ್ದು ೨೦೦೧ರ ಜನವರಿ ೧೫ರಂದು, ಅಮೆರಿಕದಲ್ಲಿ. ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬಿಬ್ಬರು ಅದಕ್ಕೂ ಮುಂಚೆ ನ್ಯೂಪೀಡಿಯ ಎಂಬುದನ್ನು ನಡೆಸುತ್ತಿದ್ದರು. ಅದರಲ್ಲಿ ಬರೆಯಬೇಕಾದರೆ ವಿದ್ವಾಂಸನಾಗಿರಬೇಕು. ಬರೆದುದು ಏಳು ಹಂತಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮೊದಲ ವರ್ಷದಲ್ಲಿ ಪಾಸಾದ ಲೇಖನಗಳು ಇಪ್ಪತ್ತರ ಆಸುಪಾಸು. ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟ ವಿಕಿಪೀಡಿಯದಲ್ಲಾದರೋ ವರ್ಷ ತುಂಬುವಷ್ಟರಲ್ಲಿ ಇಪ್ಪತ್ತು ಸಾವಿರದ ಹತ್ತಿರ ಬಂದವು. ಇಂಗ್ಲಿಷಿನಲ್ಲಿ ೨೦೨೦ರ ಜನವರಿಗೆ ೬೦ ಲಕ್ಷ ದಾಟಿತು. ಕನ್ನಡದ್ದು ೨೦೦೩ರಲ್ಲಿ ಆರಂಭವಾಯಿತು. ತುಳುವಿನದು ೨೦೧೬ರಲ್ಲಿ, ಅದೂ ಕನ್ನಡ ಲಿಪಿಯಲ್ಲಿಯೇ.

ಇದರ ಒಳಗಿನ ವ್ಯವಹಾರವನ್ನು ನಮ್ಮ ಅಂಗಡಿಯ ಬಂಧುಗಳು ಬೇಗ ಅರ್ಥಮಾಡಿಕೊಂಡಾರು. ಪ್ರತಿಯೊಂದು ಪುಟದ ಹಿಂದೆಯೂ ಒಂದು ಕಿರ್ದಿ ಪುಸ್ತಕವಿದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಹೆಸರಿನವನು ಯಾವ ಅಕ್ಷರವನ್ನು ಸೇರಿಸಿದ, ಯಾವುದನ್ನು ಹೊಡೆದುಹಾಕಿದ ಎಂಬುದೆಲ್ಲ ಅದರಲ್ಲಿ ಜಮಾ ಆಗಿರುತ್ತದೆ. ಯಾರು ಬೇಕಾದರೂ ತೆರೆದು ನೋಡಬಹುದು. ಕೆಟ್ಟುದನ್ನು ಬರೆದರೆ ಹಿಂದಿನ ನಮೂದಿಗೆ ಮರಳಿಸುವುದು ಒಂದು ಕ್ಷಣದ ಕೆಲಸ. ಜಗಳವಾದರೆ ಪುಟದ ಬೆನ್ನಿಗೇ ಒಂದು ಚರ್ಚೆಯ ಪುಟವುಂಟು. ಇಡೀ ಸಮುದಾಯದ ಪಂಚಾಯಿತಿಗೆ ಕನ್ನಡದವರು ಇಟ್ಟ ಹೆಸರು ‘ಅರಳಿ ಕಟ್ಟೆ’. ಹೆಸರಿಟ್ಟವರು ಯಾರೋ ತಿಳಿಯದು. ನಮ್ಮ ನೆಲದ ವಾಸನೆ ಬಲ್ಲವರು ಎನ್ನುವುದಂತೂ ನಿಜ.

ಈಗ ನಮ್ಮದೇ ಒಂದು ಪೇಚಿನ ಸಂಗತಿಯನ್ನು ಹೇಳಿಬಿಡುವುದು ಒಳ್ಳೆಯದು. ನಮ್ಮ ಕಡೆಯ ಒಂದು ಹಳೆಯ ಹತ್ತಿ ಗಿರಣಿಯ ಮೇಲೆ ಲೇಖನ ಬರೆಯೋಣವೆಂದು ಒಂದು ರಾತ್ರಿ ಕುಳಿತೆವು. ವೇದಿಕೆಯ ಮೇಲಿನ ಭಾಷಣದ ಅಭ್ಯಾಸ ಬಿಡುತ್ತದೆಯೇ? “ಬಂಡವಾಳಗಾರರ ದುರಾಸೆಗೆ ಬಲಿಯಾದ ಗಿರಣಿ”, “ವೀರ ಕಾರ್ಮಿಕರ ಅಮರ ಹೋರಾಟ” ಎಂದೆಲ್ಲ ಬರೆದೆವು. ಮರುದಿನ ನೋಡಿದರೆ ದುರಾಸೆಯೂ ಇಲ್ಲ, ವೀರರೂ ಇಲ್ಲ, ಅಮರವೂ ಇಲ್ಲ. ನಮಗೆ ಸಿಟ್ಟು ಬಂತು, ಮತ್ತೆ ಬರೆದೆವು. ಮತ್ತೆ ಹೋಯಿತು. ಹತ್ತು ವರ್ಷ ಮಕ್ಕಳ ಪಟ್ಟಿಪುಸ್ತಕಗಳ ಮೇಲೆ ಕೆಂಪು ಶಾಯಿ ಓಡಿಸಿದ ಕೈಗೆ ಇದು ಸುಲಭವಾಗಿ ನುಂಗತಕ್ಕ ತುತ್ತಾಗಿರಲಿಲ್ಲ. ಚರ್ಚೆಯ ಪುಟದಲ್ಲಿ ಗುಡುಗಿದೆವು. ಎಂದೂ ಮುಖ ಕಾಣದ ಆ ಮನುಷ್ಯರು ಶಾಂತವಾಗಿ ಉತ್ತರ ಕೊಟ್ಟರು: “ಸರ್, ಗಿರಣಿ ಮುಚ್ಚಿದ ವರ್ಷ, ಕೆಲಸ ಕಳೆದುಕೊಂಡವರ ಸಂಖ್ಯೆ, ಬಾಕಿ ಉಳಿದ ಗ್ರಾಚ್ಯುಟಿ, ಇವನ್ನು ಆಧಾರಸಹಿತ ಬರೆಯಿರಿ. ದುರಾಸೆ ಎಂಬ ಮಾತನ್ನು ಓದಿದವರೇ ಹೇಳಿಕೊಳ್ಳುತ್ತಾರೆ.”

ತಪ್ಪು ನಮ್ಮದೇ ಎಂದು ಒಪ್ಪಿಕೊಳ್ಳಲು ಎರಡು ದಿನ ಬೇಕಾಯಿತು. ನಮ್ಮ ಕರಪತ್ರಗಳನ್ನು ಬರೆಯುವವರೂ ಈ ಮಾತನ್ನು ಕೇಳಿಸಿಕೊಂಡರೆ ಕೆಡುಕಿಲ್ಲ.

ಇನ್ನು ಬಿಟ್ಟಿಯ ಪ್ರಶ್ನೆ. ಹಳೆಯ ಉದಾಹರಣೆಯೊಂದಿದೆ. ಫ್ರಾನ್ಸಿನಲ್ಲಿ ೧೭೫೧ರಿಂದ ೧೭೭೨ರವರೆಗೆ ದಿದೆರೊ ಎಂಬವನ ನೇತೃತ್ವದಲ್ಲಿ ಒಂದು ಮಹಾ ವಿಶ್ವಕೋಶ ಹೊರಬಂದಿತು: ಹದಿನೇಳು ಸಂಪುಟ ಬರಹ, ಹನ್ನೊಂದು ಸಂಪುಟ ಚಿತ್ರ. ದಿದೆರೊ ಚಾಕು ಕತ್ತರಿ ಮಾಡುವವನ ಮಗ. ರಾಜರ ಯುದ್ಧಗಳಿಗಿಂತ ಹೆಚ್ಚಿನ ಅಕ್ಕರೆಯಿಂದ ನೇಕಾರನ ಮಗ್ಗ, ಕಮ್ಮಾರನ ಕುಲುಮೆ, ಗಾಜಿನವನ ಊದುಕೊಳವೆಗಳ ವಿವರಗಳನ್ನು ಅದರಲ್ಲಿ ಬರೆಸಿದ, ಚಿತ್ರ ತೆಗೆಸಿದ. ೧೭೫೯ರಲ್ಲಿ ಅರಸನ ಸರಕಾರ ಅದರ ಪರವಾನೆಯನ್ನೇ ಕಿತ್ತುಕೊಂಡಿತು. ಆಗ ಜೊತೆಗಾರರು ಹಲವರು ಕಳಚಿಕೊಂಡರು. ಉಳಿದುಕೊಂಡವನು ಜೋಕೂರ್ ಎಂಬ ಒಬ್ಬ ಸಾಧು ಮನುಷ್ಯ. ಸುಮಾರು ೧೭,೦೦೦ ಲೇಖನಗಳನ್ನು, ಎಂದರೆ ಇಡೀ ಕೃತಿಯ ಕಾಲು ಭಾಗದಷ್ಟನ್ನು, ಅವನೊಬ್ಬನೇ ಬರೆದ, ಸಂಬಳವಿಲ್ಲದೆ. ತನ್ನ ಗುಮಾಸ್ತರಿಗೆ ಸಂಬಳ ಕೊಡಲು ಸ್ವಂತ ಮನೆಯನ್ನು ಮಾರಿದ. ಕೊಂಡವನು ಯಾರು ಗೊತ್ತೇ? ಆ ವಿಶ್ವಕೋಶದ ಲಾಭವನ್ನು ಎಣಿಸಿಕೊಳ್ಳುತ್ತಿದ್ದ ಮುದ್ರಕ. ಇದು ಬಿಟ್ಟಿ. ಚಹದಂಗಡಿಯ ಗೆಳೆಯರು ಹೇಳಿದ್ದು ಇದನ್ನೇ.

ವಿಕಿಪೀಡಿಯದವರು ಇಂಥ ಗತಿಯನ್ನು ಹೇಗೆ ತಪ್ಪಿಸಿಕೊಂಡರು? ಒಂದು ಮುಷ್ಕರದಿಂದ. ಅವರು ಅದನ್ನು ಹಾಗೆಂದು ಕರೆಯುವುದಿಲ್ಲ. ಗಿರಣಿಯವರಾದ ನಾವು ಕರೆಯುತ್ತೇವೆ. ೨೦೦೨ರ ಫೆಬ್ರವರಿಯಲ್ಲಿ ಮುಂದೆ ಜಾಹೀರಾತು ಹಾಕಬೇಕಾದೀತು ಎಂಬ ಮಾತು ಮೇಲಿನವರ ಬಾಯಿಂದ ಹೊರಟಿತು. ಸ್ಪ್ಯಾನಿಷ್ ಭಾಷೆಯ ಸಂಪಾದಕರಲ್ಲಿ ಬಹುಮಂದಿ, ನಾವು ಪುಕ್ಕಟೆಯಾಗಿ ಬರೆದುದನ್ನು ತೋರಿಸಿ ನೀವು ಸಾಬೂನು ಮಾರುವುದೇ ಎಂದು ಎದ್ದು ಹೊರಟರು. ಬರಹಗಳನ್ನು ಹೊತ್ತುಕೊಂಡು ಹೋಗಲು ಪರವಾನಗಿಯೇ ಅವಕಾಶ ಕೊಟ್ಟಿತ್ತು, ಏಕೆಂದರೆ ಅವು ಯಾರೊಬ್ಬನ ಸ್ವತ್ತೂ ಅಲ್ಲ. ಸೆವಿಲ್ಯ ವಿಶ್ವವಿದ್ಯಾನಿಲಯದ ಆಸರೆಯಲ್ಲಿ ಬೇರೆ ವಿಶ್ವಕೋಶವನ್ನೇ ಕಟ್ಟಿದರು. ಜಾಹೀರಾತಿನ ಮಾತು ಅಲ್ಲಿಗೆ ಅಡಗಿತು. ೨೦೦೩ರಲ್ಲಿ ಲಾಭಕ್ಕಾಗಿಯಲ್ಲದ ವಿಕಿಮೀಡಿಯ ಪ್ರತಿಷ್ಠಾನ ಸ್ಥಾಪನೆಯಾಗಿ ಆಡಳಿತ ಅದರ ಕೈಗೆ ಬಂತು. ಇಂದಿಗೂ ಅದರ ಪುಟಗಳಲ್ಲಿ ಜಾಹೀರಾತಿಲ್ಲ. ಓದುಗರು ಕೊಡುವ ದೇಣಿಗೆಯೇ ಮುಖ್ಯ ಆಧಾರ. ನಮ್ಮ ಗೆಳೆಯರಿಗೆ ನಾವು ಕೊಡುವ ಉತ್ತರದ ಅರ್ಧಭಾಗ ಇದೇ: ಎದ್ದು ಹೋಗುವ ಹಕ್ಕು ಎಲ್ಲಿದೆಯೋ, ದುಡಿದ ಫಲ ಎಲ್ಲರ ಕಣಜಕ್ಕೆ ಬೀಳುತ್ತದೆಯೋ, ಅದು ಮುಯ್ಯಿ.

ಉಳಿದರ್ಧ ಅಷ್ಟು ಸುಖಕರವಲ್ಲ. ಕಣಜಕ್ಕೆ ಬೀಗವಿಲ್ಲವೆಂದ ಮೇಲೆ ದೊಡ್ಡ ಬಂಡಿಗಳೂ ಬಂದು ತುಂಬಿಕೊಳ್ಳುತ್ತವೆ. ಮೊಬೈಲಿನಲ್ಲಿ ಪ್ರಶ್ನೆ ಕೇಳಿದೊಡನೆ ಮೇಲುಗಡೆ ಸಿದ್ಧ ಉತ್ತರ ತೋರಿಸುವ ಕಂಪನಿಗಳೂ, ಮನುಷ್ಯರಂತೆ ಮಾತನಾಡುವ ಯಂತ್ರಗಳನ್ನು ತಯಾರಿಸುವ ಕಂಪನಿಗಳೂ ಈ ಸ್ವಯಂಸೇವಕರ ಬರಹವನ್ನು ಮೇವಾಗಿ ಬಳಸಿಕೊಂಡಿವೆ. ೨೦೨೧ರಿಂದ ಪ್ರತಿಷ್ಠಾನವು ಇಂಥ ದೊಡ್ಡ ಬಳಕೆದಾರರಿಗೆ ಬೇರೆಯೇ ಸೇವೆಯೊಂದನ್ನು ಇಟ್ಟು ಹಣ ಕೇಳತೊಡಗಿತು. ೨೦೨೨ರಲ್ಲಿ ಗೂಗಲ್ ಹಣ ಕೊಡುವ ಗಿರಾಕಿಯಾಯಿತು. ನಮಗೆ ಇದು ಸರಿಯೆಂದೇ ತೋರುತ್ತದೆ. ಊರ ಕೆರೆಯ ನೀರು ಕೊಡಕ್ಕೆ ಪುಕ್ಕಟೆ. ಕಾರ್ಖಾನೆಯ ಕೊಳವೆಗೆ ಕಂದಾಯವಿರಲಿ. ಆದರೆ ಆ ಹಣವು ಕೆರೆಯ ಹೂಳೆತ್ತಲು ಖರ್ಚಾಗುತ್ತದೆಯೋ ಇಲ್ಲವೋ ಎಂದು ಬರೆಯುವವರು ಲೆಕ್ಕ ಕೇಳುತ್ತಿರಬೇಕು.

ಕೂಲಿ ಕೊಟ್ಟು ಬರೆಸಿದರೆ ಏನಾದೀತು ಎಂಬುದನ್ನೂ ಕನ್ನಡ ಕಂಡಿದೆ. ೨೦೦೯ರಿಂದ ೨೦೧೧ರ ನಡುವೆ ಗೂಗಲ್ ಕಂಪನಿಯು ತನ್ನ ಅನುವಾದದ ಸಾಧನವನ್ನು ಕೊಟ್ಟು, ಹಣ ಪಡೆದ ಅನುವಾದಕರಿಂದ ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗು ಮೊದಲಾದ ಭಾಷೆಗಳಿಗೆ ಇಳಿಸಿತು. ಕಡತಗಳು ದಪ್ಪವಾದವು, ಕನ್ನಡ ಮಾತ್ರ ಕನ್ನಡವಾಗಿರಲಿಲ್ಲ. ವಾಕ್ಯದ ತಲೆ ಒಂದು ಕಡೆ, ಕಾಲು ಇನ್ನೊಂದು ಕಡೆ. ಬಂಗಾಳಿಗಳು ಇದು ಬೇಡವೆಂದು ನಿರಾಕರಿಸಿದರು. ತಮಿಳರು ಕೂತು ಕಟ್ಟಳೆ ಮಾಡಿಸಿದರು. ಅನುವಾದಿಸಿದ ಬಡಪಾಯಿಗಳನ್ನು ನಾವು ಬೈಯಲಾರೆವು. ಪದಕ್ಕಿಷ್ಟೆಂದು ಎಣಿಸಿ ಕೊಡುವ ಕೆಲಸದಲ್ಲಿ ನೂಲು ತುಂಡಾಗುವುದನ್ನು ನಮ್ಮವರು ನೋಡಿಲ್ಲವೇ? ಕೆಡುಕು ಎಲ್ಲಿತ್ತೆಂದರೆ, ಆ ಭಾಷೆಯಲ್ಲಿ ಬದುಕುವ ಓದುಗರನ್ನು ಒಂದು ಮಾತು ಕೇಳದೆ ಕೆಲಸಕ್ಕೆ ಕೈ ಹಾಕಿದುದರಲ್ಲಿ.

ನಮ್ಮ ಮನೆಯನ್ನು ನಾವು ಗುಡಿಸದಿದ್ದರೆ ಅನ್ಯರು ಬಂದು ಕೂರುತ್ತಾರೆ. ಸ್ಕಾಟ್ಸ್ ಎಂಬ ಭಾಷೆಯ ವಿಕಿಪೀಡಿಯದ ದೊಡ್ಡದೊಂದು ಭಾಗವನ್ನು ಆ ಭಾಷೆಯೇ ಬಾರದ ಅಮೆರಿಕದ ಹುಡುಗನೊಬ್ಬ ವರ್ಷಗಟ್ಟಲೆ ಬರೆಯುತ್ತಿದ್ದುದು ೨೦೨೦ರಲ್ಲಿ ಬಯಲಾಯಿತು. ಕ್ರೊಯೇಷಿಯದಲ್ಲಿ ಇನ್ನೂ ಕೇಡು: ಉಗ್ರ ರಾಷ್ಟ್ರವಾದಿಗಳ ಒಂದು ಗುಂಪು ನಿರ್ವಾಹಕರ ಸ್ಥಾನಗಳನ್ನು ಹಿಡಿದು, ಎರಡನೆಯ ಮಹಾಯುದ್ಧದ ಕಾಲದ ಫ್ಯಾಸಿಸ್ಟರ ಅಪರಾಧಗಳನ್ನು ತೇಲಿಸಿ ಬರೆಯಿತು, ವಿರೋಧಿಸಿದವರನ್ನು ಹೊರಗಟ್ಟಿತು. ಹತ್ತು ವರ್ಷ ಕಾಲ ಶಾಲೆಯ ಮಕ್ಕಳು ಅದನ್ನೇ ಓದಿದರು. ಬಾಗಿಲು ತೆರೆದಿರುವುದಷ್ಟೇ ಸಾಲದು, ಒಳಗೆ ಜನವಿರಬೇಕು.

ಕನ್ನಡದ ಮನೆಯಲ್ಲಿ ಜನ ಎಷ್ಟು? ೨೦೧೧ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು ೪ ಕೋಟಿ ೩೭ ಲಕ್ಷ. ಲೇಖನಗಳು ಮೂವತ್ತು ಸಾವಿರವನ್ನು ದಾಟಿವೆ. ೩ ಕೋಟಿ ೪೮ ಲಕ್ಷವಿದ್ದ ಮಲಯಾಳಿಗಳು ಎಂಬತ್ತು ಸಾವಿರವನ್ನು ಮೀರಿದ್ದಾರೆ. ಕನ್ನಡದಲ್ಲಿ ತಪ್ಪದೆ ಬರೆಯುವವರನ್ನೆಲ್ಲ ಒಂದು ಕಲ್ಯಾಣ ಮಂಟಪದಲ್ಲಿ ಕೂಡಿಸಿದರೆ ಕುರ್ಚಿಗಳು ಮಿಗುತ್ತವೆ. ಅವರಲ್ಲಿ ಹೆಂಗಸರು ಕಡಿಮೆ. ಗಿರಣಿಯವರನ್ನಂತೂ ನಾವು ಕಾಣೆವು. ಸಿನಿಮಾ ನಟರಿಗೆ ಪುಟಗಳಿವೆ, ಬೇಡವೆನ್ನುವುದಿಲ್ಲ. ಹತ್ತಿ ಹಿಂಜುವ ಯಂತ್ರದಲ್ಲಿ ಬೆರಳು ಹೋಗುವ ಬಗೆ, ದೂಳಿನಿಂದ ಎದೆ ಕಟ್ಟುವ ಬಗೆ, ಸಂತೆಯ ಸುಂಕದ ಚರಿತ್ರೆ, ಇವನ್ನು ಬಲ್ಲವರು ಬರೆಯುತ್ತಿಲ್ಲ, ಬರೆಯುವವರು ಬಲ್ಲವರಲ್ಲ.

ಬರೆದವರಿಗೆ ಅಪಾಯವೇ ಇಲ್ಲವೆಂದು ಸುಳ್ಳು ಹೇಳಲಾರೆವು. ತನ್ನ ಕುರಿತ ಪುಟದಲ್ಲಿ ಮಾನಹಾನಿಯಾಗಿದೆಯೆಂದು ೨೦೨೪ರಲ್ಲಿ ಎ.ಎನ್.ಐ. ಸುದ್ದಿಸಂಸ್ಥೆಯು ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ತಿದ್ದಿದವರ ವಿವರ ಕೊಡಿರೆಂದು ಆಜ್ಞೆಯಾಯಿತು. ಆ ಮೊಕದ್ದಮೆಯ ಕುರಿತ ಪುಟವನ್ನೇ ತೆಗೆಸಲಾಯಿತು. ಅದನ್ನು ತೆಗೆಸಿದ ಆಜ್ಞೆಯನ್ನು ೨೦೨೫ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಮಾಡಿತು.

ಮತ್ತೆ ನಮ್ಮ ಹತ್ತಿ ಗಿರಣಿಗೆ ಬರೋಣ. ಕೆಲಸ ಕಳೆದುಕೊಂಡವರ ಸಂಖ್ಯೆ ಚಹದಂಗಡಿಯ ಗೆಳೆಯರ ತಂದೆಯವರಿಗೆ ಬಾಯಿಪಾಠ. ಮುಚ್ಚಿದ ದಿನ ಯಾವ ವಾರ, ಮಳೆ ಇತ್ತೋ ಇಲ್ಲವೋ ಎಂಬುದೂ ನೆನಪಿದೆ. ಆದರೆ ವಿಶ್ವಕೋಶಕ್ಕೆ ಅಚ್ಚಾದ ಆಧಾರ ಬೇಕು. ಬಾಯಿಮಾತನ್ನೂ ಆಧಾರವೆಂದು ಎಣಿಸಬಾರದೇಕೆ ಎಂದು ೨೦೧೧ರಲ್ಲಿ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ಪ್ರಯೋಗ ನಡೆಸಿದ್ದುಂಟು; ಹಳ್ಳಿಯವರ ಮಾತನ್ನು ಧ್ವನಿಮುದ್ರಿಸಿ ಲೇಖನಕ್ಕೆ ಜೋಡಿಸಿದರು. ನಿಯಮ ಇನ್ನೂ ಅಷ್ಟು ದೂರ ಬಂದಿಲ್ಲ. ಬರಲೆಂದು ಅರಳಿ ಕಟ್ಟೆಯಲ್ಲಿ ನಾವು ವಾದಿಸುವವರೇ. ಅಲ್ಲಿಯವರೆಗೆ ಆ ಗಿರಣಿಯ ಪುಟ ಎರಡೇ ಸಾಲಿನ ಚುಟುಕಾಗಿ ನಿಂತಿದೆ.

ಹಳೆಯ ವರ್ತಮಾನ ಪತ್ರಿಕೆಗಳ ಕಟ್ಟು, ಕಾರ್ಮಿಕ ಸಂಘದ ವಾರ್ಷಿಕ ವರದಿ, ಬೋನಸ್ಸಿನ ಒಪ್ಪಂದದ ಅಚ್ಚಾದ ಪ್ರತಿ, ವರ್ತಕರ ಸಂಘದ ಸ್ಮರಣ ಸಂಚಿಕೆ, ಹೀಗೆ ಯಾವುದಾದರೂ ಯಾರ ಅಟ್ಟದ ಮೇಲಾದರೂ ಇದ್ದರೆ ಇಲಿ ತಿನ್ನುವ ಮೊದಲು ನಮ್ಮ ಕಚೇರಿಗೆ ತಂದುಕೊಡಿ. ಸಂಜೆ ಆರರ ಮೇಲೆ ಬಾಗಿಲು ತೆರೆದಿರುತ್ತದೆ. ನೋಡಿಕೊಂಡು, ಜೋಪಾನವಾಗಿ ಹಿಂದಿರುಗಿಸುತ್ತೇವೆ.