ಏಕಾಂಗಿಯ ವನಭೋಜನ

ವನಭೋಜನವೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಒಂದು ಗುಂಪು. ಕಾರ್ತಿಕ ಮಾಸದಲ್ಲಿ ನೆಲ್ಲಿಯ ಮರದಡಿ ಎಲೆ ಹಾಕಿಕೊಂಡು ಕುಳಿತ ಕೇರಿಯ ಜನ. ಉತ್ತರ ಕರ್ನಾಟಕದಲ್ಲಾದರೆ ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆರೊಟ್ಟಿ, ಪುಂಡಿಪಲ್ಯಗಳನ್ನು ಹರವಿಕೊಂಡು ಕುಳಿತ ಬಂಧುಬಳಗ. ನಮ್ಮಂಥ ಕಾಲೇಜಿನವರಿಗಾದರೆ ಬಸ್ಸೊಂದನ್ನು ಗೊತ್ತುಮಾಡಿ, ಹೋಗುವಾಗಲೂ ಬರುವಾಗಲೂ ಗಂಟಲು ಕಟ್ಟುವಂತೆ ಹಾಡಿ, ನಡುವೆ ಚಿತ್ರಾನ್ನ ತಿನ್ನುವ ವಾರ್ಷಿಕ ಪ್ರವಾಸ. ಇವೆಲ್ಲ ಚೆಂದವೇ. ಆದರೆ ಒಬ್ಬ ಮನುಷ್ಯ ಒಂದು ಡಬ್ಬಿಯಲ್ಲಿ ಮೊಸರನ್ನ ತುಂಬಿಕೊಂಡು, ಸಾರ್ವಜನಿಕ ಉದ್ಯಾನದ ಮರದಡಿ ಒಬ್ಬನೇ ಕುಳಿತು ಉಂಡು, ಕೈ ತೊಳೆದು, ಅರ್ಧ ಗಂಟೆ ಸುಮ್ಮನಿದ್ದು ಬರುವುದನ್ನು ವನಭೋಜನವೆಂದು ಕರೆಯಲು ನಮ್ಮ ನಾಲಗೆ ಹಿಂಜರಿಯುತ್ತದೆ. ಕಂಡವರು ಮರುಕದಿಂದ ನೋಡುತ್ತಾರೆ, "ಪಾಪ, ಯಾರೂ ಇಲ್ಲವೇನೋ!" ಎನ್ನುತ್ತಾರೆ. ಇದೂ ಒಂದು ಪೂರ್ಣವಾದ ಸುಖ, ಈ ಸುಖಕ್ಕೂ ನಗರದಲ್ಲಿ ಒಂದಿಷ್ಟು ನೆಲ ಮೀಸಲಿರಬೇಕು ಎಂಬುದು ನನ್ನ ವಾದ.

ನಮ್ಮ ಹಿರಿಯರು ಏಕಾಂಗಿ ಭೋಜನವನ್ನು ಒಪ್ಪುತ್ತಿರಲಿಲ್ಲವೆಂದು ಸಂಸ್ಕೃತ ಬಲ್ಲ ಅಧ್ಯಾಪಕರು ಆಕ್ಷೇಪಿಸಬಹುದು. ಋಗ್ವೇದದ ಹತ್ತನೆಯ ಮಂಡಲದಲ್ಲಿ ಒಬ್ಬನೇ ಉಣ್ಣುವವನನ್ನು ನಿಂದಿಸಿರುವುದು ದಿಟ. ಆದರೆ ಆ ಸೂಕ್ತದ ಕೋಪವೆಲ್ಲ ಹಸಿದು ಬಂದವನಿಗೆ ಕೊಡದೆ ತಾನು ತಿನ್ನುವವನ ಮೇಲೆ. ಕದ ಹಾಕಿಕೊಂಡು ಉಣ್ಣುವವನಿಗೂ ಬಯಲಿನಲ್ಲಿ ನಾಲ್ಕು ಜನರ ಕಣ್ಣೆದುರಿಗೆ ಡಬ್ಬಿ ಬಿಚ್ಚುವವನಿಗೂ ಅಂತರವುಂಟು. ಪಕ್ಕದ ಬೆಂಚಿನಲ್ಲಿ ಹಸಿದವನೊಬ್ಬನಿದ್ದರೆ ಉದ್ಯಾನದಲ್ಲಿ ಅದು ಕಾಣುತ್ತದೆ. ಊಟದ ಮನೆಯಲ್ಲಿ ಕಾಣುವುದಿಲ್ಲ.

ಬೆಂಗಳೂರಿನ ಕಬ್ಬನ್ ಉದ್ಯಾನವನ್ನೇ ತೆಗೆದುಕೊಳ್ಳೋಣ. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ 1870ರಲ್ಲಿ ಇದನ್ನು ಏರ್ಪಡಿಸಿದಾಗ ಹಂಗಾಮಿ ಕಮಿಷನರ್ ಮೀಡ್ ಅವರ ಹೆಸರಿತ್ತು. ಬಳಿಕ ಮಾರ್ಕ್ ಕಬ್ಬನ್ ಅವರ ಹೆಸರಾಯಿತು. 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. ದೊರೆಗಳ, ದೊಡ್ಡವರ ಹೆಸರು ಹೊತ್ತ ಈ ತೋಟದಲ್ಲಿ ನಡುಹಗಲಿನ ಹೊತ್ತು ಕಾಣುವವರು ಹೆಸರಿಲ್ಲದವರೇ. ಅದರ ಅಂಚಿನಲ್ಲಿಯೇ ಕೆಂಪು ಬಣ್ಣದ ಅಠಾರಾ ಕಚೇರಿ, ಅಂದರೆ ಈಗಿನ ಉಚ್ಚ ನ್ಯಾಯಾಲಯ. ದೂರದ ತಾಲ್ಲೂಕಿನಿಂದ ರಾತ್ರಿಯ ಬಸ್ಸು ಹಿಡಿದು ಬಂದ ಕಕ್ಷಿದಾರ, ತನ್ನ ಮೊಕದ್ದಮೆಯ ಸರದಿ ಬರುವವರೆಗೆ ಎಲ್ಲಿ ಕೂರಬೇಕು? ಬಟ್ಟೆಯ ಗಂಟು ಬಿಚ್ಚಿ ರೊಟ್ಟಿಗೆ ಚಟ್ನಿಪುಡಿ ಸವರಿಕೊಳ್ಳುವ ಆತ ವನಭೋಜನವೆಂಬ ಮಾತನ್ನು ಆಡುವುದಿಲ್ಲ. ಆದರೂ ಉದ್ಯಾನದ ಉಪಯೋಗವನ್ನು ನಮಗಿಂತ ಚೆನ್ನಾಗಿ ಬಲ್ಲವನು ಆತನೇ.

ಒಬ್ಬರೇ ಉಣ್ಣುವುದರಲ್ಲಿ ಸುಖವೇನು ಎಂದು ಕೇಳುವಿರಾದರೆ, ಮೊದಲನೆಯದು ಬುತ್ತಿಯ ರುಚಿ. ಗುಂಪಿನಲ್ಲಿ ನಾವು ಅನ್ನಕ್ಕಿಂತ ಹೆಚ್ಚಾಗಿ ಮಾತನ್ನು ಉಣ್ಣುತ್ತೇವೆ. ಪುಳಿಯೋಗರೆಯಲ್ಲಿ ಕಡಲೆಕಾಯಿ ಬೀಜವಿತ್ತೋ ಇಲ್ಲವೋ ಎಂಬುದು ಡಬ್ಬಿ ತೊಳೆಯುವಾಗ ನೆನಪಿರುವುದಿಲ್ಲ. ಒಂಟಿಯಾಗಿ ಕುಳಿತವನಿಗೆ ನಾಲ್ಕನೆಯ ತುತ್ತಿಗೆ ಮೆಂತ್ಯದ ಕಹಿ ತಿಳಿಯುತ್ತದೆ. ಬೆಳಗಿನ ಜಾವ ಎದ್ದು ಅದನ್ನು ಕಲೆಸಿದವರ ಕೈ ನೆನಪಾಗುತ್ತದೆ. ಆಮೇಲೆ ಸುತ್ತಲಿನದೆಲ್ಲ ಒಂದೊಂದಾಗಿ ಹತ್ತಿರಕ್ಕೆ ಬರುತ್ತದೆ. ಬಿದಿರ ಮೆಳೆ ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತದೆ. ಅಳಿಲು ಮರದ ಬುಡದವರೆಗೆ ಬಂದು, ನಮ್ಮ ಕೈಯನ್ನು ನೋಡಿ, ಏನೋ ಮರೆತವರಂತೆ ಹಿಂದಿರುಗುತ್ತದೆ. ವರ್ಷದ ಮೊದಲ ತಿಂಗಳುಗಳಲ್ಲಾದರೆ ಟಬೂಬಿಯಾ ಮರಗಳು ಎಲೆಯುದುರಿಸಿ ಗುಲಾಬಿ ಬಣ್ಣವಾಗಿ ನಿಂತಿರುತ್ತವೆ. ಜನರೆಲ್ಲ ಅವುಗಳ ಕೆಳಗೆ ನಿಂತು ಮೊಬೈಲಿನಲ್ಲಿ ತಮ್ಮ ಚಿತ್ರವನ್ನೇ ತೆಗೆದುಕೊಂಡು ಹೊರಡುತ್ತಾರೆ. ಬುತ್ತಿ ತಂದವನ ಬಲಗೈಗೆ ಅನ್ನ ಮೆತ್ತಿರುವುದರಿಂದ ಆತ ಮರವನ್ನು ನೋಡುತ್ತಾನೆ. ಫೋನನ್ನು ಮುಟ್ಟದಿರಲು ಕೈಯಲ್ಲಿ ಕಲೆಸಿ ಉಣ್ಣುವುದಕ್ಕಿಂತ ಸುಲಭವಾದ ಉಪಾಯ ನನಗೆ ತಿಳಿಯದು. ಊಟವಾದ ಬಳಿಕ ಮನಸ್ಸು ತಾನಾಗಿಯೇ ಒಂದು ಮಾತನ್ನು ಹಿಡಿದುಕೊಳ್ಳುತ್ತದೆ: ಬೆಳಗಿನ ಪಾಠದಲ್ಲಿ ಅರ್ಥವಾಗದೆ ಹೋದದ್ದು, ಮನೆಗೆ ಬರೆಯಬೇಕಾದದ್ದು, ಯಾರಿಗೂ ಹೇಳಲಾಗದ್ದು. ಹಾಸ್ಟೆಲಿನಲ್ಲಿ ನಾಲ್ವರಿರುವ ಕೋಣೆಯಲ್ಲಿ ಇದಕ್ಕೆ ಅವಕಾಶವಿಲ್ಲವೆಂಬುದನ್ನು ಹಾಸ್ಟೆಲಿನ ಮಿತ್ರರಿಗೆ ವಿವರಿಸಬೇಕಾಗಿಲ್ಲ.

ಇಷ್ಟರವರೆಗೆ "ಮನುಷ್ಯ", "ಆತ" ಎಂದು ಬರೆದೆ. ಅದೇ ಮರದಡಿ ಒಬ್ಬ ವಿದ್ಯಾರ್ಥಿನಿ ಡಬ್ಬಿ ಬಿಚ್ಚಿದಳೆನ್ನಿ. ಮರುಕದ ನೋಟ ಒಡನೆಯೇ ಅನುಮಾನದ ನೋಟವಾಗುತ್ತದೆ. ಯಾರಿಗಾಗಿ ಕಾಯುತ್ತಿದ್ದಾಳೆ? ಮನೆಯವರಿಗೆ ಗೊತ್ತೇ? ಹತ್ತಿರದ ಬೆಂಚು ಖಾಲಿಯಿದ್ದರೂ ಅವಳ ಬೆಂಚಿನ ತುದಿಗೇ ಬಂದು ಕೂರುವವರೂ ಉಂಟು. ಹುಡುಗನಿಗೆ ಏಕಾಂತವೆಂಬುದು ಸಿಕ್ಕರೆ ಸಿಕ್ಕಿತು. ಹುಡುಗಿ ಅದಕ್ಕೆ ಕಾರಣ ಕೊಡಬೇಕು. ಮುಂಬಯಿಯ ಮೂವರು ಲೇಖಕಿಯರು 2011ರಲ್ಲಿ ಪ್ರಕಟಿಸಿದ 'ವೈ ಲಾಯ್ಟರ್?' ಎಂಬ ಪುಸ್ತಕ ಕೇಳಿದ್ದು ಇದನ್ನೇ: ಕೆಲಸವಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಸುಮ್ಮನಿರುವ ಹಕ್ಕು ಹೆಂಗಸಿಗೆ ಏಕಿಲ್ಲ? ನಮ್ಮ ಬೆಂಗಳೂರಿನಲ್ಲಿ 2003ರಲ್ಲಿ ಆರಂಭವಾದ ಬ್ಲ್ಯಾಂಕ್ ನಾಯ್ಸ್ ಎಂಬ ಬಳಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉದ್ಯಾನದ ಹುಲ್ಲಿನ ಮೇಲೆ ಬಂದು ಮಲಗಿರೆಂದು ಹೆಂಗಸರನ್ನು ಕರೆಯಿತು. ನಕ್ಕವರೇ ಹೆಚ್ಚು. ಕಡಲೆಕಾಯಿ ಸಿಪ್ಪೆಯನ್ನು ಎದೆಯ ಮೇಲೆ ಹರಡಿಕೊಂಡು ಮಧ್ಯಾಹ್ನವೆಲ್ಲ ಗೊರಕೆ ಹೊಡೆಯುವ ಗಂಡಸರನ್ನು ಕಂಡು ಮಾತ್ರ ಯಾರೂ ನಕ್ಕದ್ದಿಲ್ಲ.

ಈಗ ನನ್ನ ಮುಖ್ಯವಾದ ತಕರಾರಿಗೆ ಬರುತ್ತೇನೆ. ಈಚಿನ ವರ್ಷಗಳಲ್ಲಿ ನಮ್ಮ ದೊಡ್ಡ ಉದ್ಯಾನಗಳಲ್ಲಿ ಹೊರಗಿನಿಂದ ತಿಂಡಿ ತರುವುದಕ್ಕೆ ನಿರ್ಬಂಧ ಬಂದಿದೆ. ಅದಕ್ಕೆ ಹೇಳುವ ಕಾರಣ ಸುಳ್ಳೇನಲ್ಲ. ಭಾನುವಾರ ಸಂಜೆಯ ಹುಲ್ಲಿನ ಮೇಲೆ ಉಳಿಯುವ ತಟ್ಟೆ, ಲೋಟ, ಕೇಕಿನ ಪೆಟ್ಟಿಗೆಗಳನ್ನು ಎಲ್ಲರೂ ಕಂಡಿದ್ದೇವೆ. ಎಂಜಲಿಗೆ ಹೆಗ್ಗಣವೂ ನಾಯಿಯೂ ಬರುತ್ತವೆ. 2016ರಲ್ಲಿ ರಾಜ್ಯ ಸರ್ಕಾರ ನಿಷೇಧಿಸಿದ ಪ್ಲಾಸ್ಟಿಕ್ ಚೀಲಗಳು ಪೊದೆಗಳಲ್ಲಿ ಇನ್ನೂ ಸಿಕ್ಕಿಕೊಂಡಿರುತ್ತವೆ. ಆದರೆ ಗಲೀಜು ಮಾಡಿದ್ದು ಹುಟ್ಟುಹಬ್ಬದ ಗುಂಪು, ದಂಡ ತೆತ್ತದ್ದು ಸ್ಟೀಲಿನ ಡಬ್ಬಿ. ಗುಂಪಿಗೆ ಹೋಟೆಲಿಗೆ ಹೋಗುವ ಶಕ್ತಿಯಿರುತ್ತದೆ, ಹೋಗುತ್ತದೆ. ಮನೆಯಿಂದ ಬುತ್ತಿ ತಂದವನು ಎಲ್ಲಿಗೆ ಹೋಗಬೇಕು? ದರ್ಶಿನಿಯಲ್ಲಿ ನಿಂತು ತಿಂದವನನ್ನು ಹಿಂದೆ ನಿಂತವನ ತಟ್ಟೆ ತಿವಿಯುತ್ತದೆ. 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನಿನಲ್ಲಿ ಅಗ್ಗದ ಊಟ ಸಿಕ್ಕಿತು, ಅದು ದೊಡ್ಡ ಉಪಕಾರವೇ; ಆದರೆ ಕೂರುವುದಕ್ಕೆ ನೆರಳು ಬೇಕೆಂಬುದು ಬೇರೆಯ ಹಸಿವು. 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಕಬ್ಬನ್ ಉದ್ಯಾನದ ನೆಲವನ್ನು ಕಾಯುತ್ತಿದೆ. ಆ ನೆಲದ ಮೇಲೆ ಕೂರುವವನನ್ನು ಕಾಯುವವರು ಯಾರೆಂದು ನಾವು ಕೇಳಬಾರದೇ?

ಕೇಳಿದರೆ ಏನೂ ಆಗುವುದಿಲ್ಲವೆಂದು ಹೇಳುವವರಿಗೆ ಒಂದು ನಿದರ್ಶನ. ಬಡಾವಣೆಗಳ ಚಿಕ್ಕ ಉದ್ಯಾನಗಳು ಬಹುಕಾಲ ನಡುಹಗಲಿನಲ್ಲಿಯೇ ಬೀಗ ಹಾಕಿಕೊಂಡಿರುತ್ತಿದ್ದವು. ವಾಯುವಿಹಾರಕ್ಕೆ ಬರುವ ನಿವೃತ್ತರಿಗೆ ಮಾತ್ರ ಗಾಳಿ ಬೇಕೆಂಬಂತೆ. 2024ರಲ್ಲಿ ಬೆಂಗಳೂರಿನ ಪಾಲಿಕೆಯ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ಸೂಚನೆ ಹೊರಟಿತು. ಬೀಗ ತೆಗೆಯಬಹುದಾದರೆ ಡಬ್ಬಿಗೂ ದಾರಿ ಬಿಡಬಹುದು. ಉಂಡವರು ಒಂದು ಅಗುಳನ್ನೂ ಉಳಿಸದೆ ಡಬ್ಬಿಯನ್ನು ಮನೆಗೆ ಒಯ್ಯಲಿ; ನಾಯಿಗೆ ಚಪಾತಿ ಎಸೆದು ಪುಣ್ಯ ಕಟ್ಟಿಕೊಳ್ಳುವವರನ್ನು ಬೇಕಾದರೆ ತಡೆಯಲಿ; ಒಂದು ಡಬ್ಬಿ, ಒಬ್ಬರು ಎಂದು ಎಣಿಸಿಯೇ ಒಳಗೆ ಬಿಡಲಿ. ದೊಡ್ಡ ಉದ್ಯಾನಗಳ ಒಂದು ಮೂಲೆಯಲ್ಲಿ ಒಂದಿಷ್ಟು ನೆರಳಿನ ಹುಲ್ಲು, ಕೈತೊಳೆಯಲು ಒಂದು ನಲ್ಲಿ, ಎರಡು ಕಸದ ತೊಟ್ಟಿ, ಇವುಗಳಿಗಿಂತ ಹೆಚ್ಚಿನ ಬೇಡಿಕೆ ನಮ್ಮದಿಲ್ಲ. ವಿದ್ಯಾರ್ಥಿ ಸಂಘದವರು ಈ ವರ್ಷದ ಮನವಿಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿ ತೋಟಗಾರಿಕೆ ಇಲಾಖೆಗೆ ಬರೆದುಕೊಂಡರೆ ಒಳ್ಳೆಯದು. ಜಾಗವನ್ನು ಗುರುತುಮಾಡುವಾಗ ಮಾವಿನ ಮರದಡಿ ಮಾತ್ರ ಬೇಡವೆಂದೂ ಅದರಲ್ಲಿ ಬರೆಯಲಿ. ಅಲ್ಲಿ ಕೆಂಜಿಗದ ಕಾಟ.