ಮೊದಲು ಕಟ್ಟಿಡಬೇಕಾದದ್ದು ಹೆಸರನ್ನೇ?

ಮನೆ ಬದಲಿಸುವವರಿಗೆ ಸಲಹೆಗಳಿಗೇನೂ ಬರವಿಲ್ಲ. ತಿಂಗಳ ಮೊದಲೇ ಪಟ್ಟಿ ಮಾಡಿ, ಪಾತ್ರೆಗಳಿಗೆ ಕಾಗದ ಸುತ್ತಿ, ಗ್ಯಾಸ್ ಸಂಪರ್ಕ ವರ್ಗಾಯಿಸಿ, ಮಕ್ಕಳ ಟಿ.ಸಿ. ಪಡೆಯಿರಿ. ಆದರೆ ಬೆಂಗಳೂರಿನಲ್ಲಿ ಮುಸ್ಲಿಮರಾದ ನಮ್ಮ ಮೊದಲ ಪರೀಕ್ಷೆಯೇ ಬೇರೆ: ಫೋನಿನಲ್ಲಿ ಹೆಸರು ಹೇಳುವುದು. ಅಲ್ಲಿಯವರೆಗೆ ಖಾಲಿಯಿದ್ದ ಮನೆ ಎಷ್ಟೋ ಸಲ ಮರುಕ್ಷಣವೇ 'ನಿನ್ನೆಯೇ ಹೋಯಿತು' ಎಂದಾಗುತ್ತದೆ. 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಫಲಕದ ಹೊರಗೆ ದಲಿತರೂ ನಮ್ಮ ಜೊತೆಗೇ ನಿಂತಿರುತ್ತಾರೆ. ಕೊನೆಗೆ ಶಿವಾಜಿನಗರಕ್ಕೋ ಪಾದರಾಯನಪುರಕ್ಕೋ ಮರಳಿದರೆ, 'ಇವರು ತಮ್ಮವರ ನಡುವೆಯೇ ಇರುತ್ತಾರೆ' ಎಂಬ ದೂರು ಬೇರೆ!

ಅಂಗಡಿ, ಹೋಟೆಲು, ಸಾರ್ವಜನಿಕ ಬಾವಿ, ಕೆರೆಗಳಲ್ಲಿ ಧರ್ಮ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದೆನ್ನುತ್ತದೆ ಸಂವಿಧಾನದ 15ನೇ ವಿಧಿ. ಆ ಪಟ್ಟಿಯಲ್ಲಿ ಬಾಡಿಗೆ ಮನೆಯಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಮುಂಗಡಕ್ಕೆ ಎರಡು ತಿಂಗಳ ಬಾಡಿಗೆಯ ಮಿತಿ ಹಾಕಿತು. ಹೆಸರು ಕೇಳಿ ಬಾಗಿಲು ಮುಚ್ಚುವವರ ಬಗ್ಗೆ ತುಟಿ ಬಿಚ್ಚಲಿಲ್ಲ.

ಮನೆ ಮಾಲಿಕನ ಸ್ವಂತದ್ದು, ನಿಜ. ಹೋಟೆಲೂ ಅದರ ಮಾಲಿಕನ ಸ್ವಂತದ್ದೇ. ಅಲ್ಲಿ ಸಲ್ಲದ್ದು ಇಲ್ಲಿ ಹೇಗೆ ಸಲ್ಲುತ್ತದೆ? ಸಂಬಳ ಕೇಳಲಿ, ನಡತೆ ವಿಚಾರಿಸಲಿ. ಧರ್ಮ ನೋಡಿ ಮನೆ ನಿರಾಕರಿಸುವುದು ಅಪರಾಧವೆಂದು ಕಾನೂನು ಹೇಳಲಿ.